ಕಾಯುವ ಕೋಣೆಯ ಒದ್ದೆ ನೆಲ

ಮಟ್ಟಾಂಚೇರಿ
6 ಜುಲೈ 2025

ಅಕ್ಕ,

ನಾನು ಕಾಕ್ಕನಾಡಿನಲ್ಲಿಲ್ಲ. ಕಳೆದ ನವೆಂಬರಿನಿಂದಲೇ ಇಲ್ಲ. ಅಪ್ಪ ನೆಂಟರಿಗೆಲ್ಲ ಹೇಳಿಕೊಳ್ಳುವ ಆ ಗಾಜಿನ ಐಟಿ ಕಟ್ಟಡದಲ್ಲಿ ನಾನಿದ್ದದ್ದು ಮೂರೇ ವಾರ, ಅದೂ ಕ್ಯಾಂಟೀನಿನಲ್ಲಿ ತಟ್ಟೆ ಎತ್ತುವ ಕೆಲಸಕ್ಕೆ. ಸುಳ್ಳು ಹೇಳಿದೆ ಅನ್ನಬೇಡ. ಕೆಲಸ ಹೇಗಿದೆ ಎಂದು ಕೇಳಿದಿರಿ, ಇದೆ ಎಂದೆ. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಇದೂ ಸುಳ್ಳಿನ ಜಾತಿಯದೇ ಎಂದು ನನಗೆ ಗೊತ್ತು. ಗೊತ್ತಿದ್ದೇ ಮುಚ್ಚಿಟ್ಟೆ.

ಫೋನಿನಲ್ಲಿ ಹೇಳಿದರೆ ನೀನು ಮಧ್ಯದಲ್ಲೇ ಬೈಯಲು ಶುರುಮಾಡುತ್ತೀಯ, ನಾನು ಕಟ್ ಮಾಡುತ್ತೇನೆ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಪ್ಲಸ್ ಟು ಅರ್ಧಕ್ಕೆ ಬಿಟ್ಟವನು ಇಷ್ಟುದ್ದ ಬರೆಯುತ್ತಾನಾ ಎಂದು ನಗಬೇಡ. ಅಪ್ಪನ ಬ್ಯಾಂಕು ನಮ್ಮನ್ನು ಈ ಕಡೆ ಎತ್ತಿ ಹಾಕುವ ಮೊದಲು ಹಾಸನದಲ್ಲಿ ಕಲಿತ ಕನ್ನಡವೊಂದೇ ನಾನು ಹೆದರದೆ ಬರೆಯುವ ಭಾಷೆ.

ನಾನಿರುವುದು ಒಂದು ಸಂಬಾರ ಗೋದಾಮಿನಲ್ಲಿ. ಮ್ಯಾನೇಜರ್ ಬೋಪಯ್ಯ, ವಿರಾಜಪೇಟೆಯವರು. ಕನ್ನಡದ ಹುಡುಗ ಎಂದೇ ಸೇರಿಸಿಕೊಂಡರು. ಇಲ್ಲಿ ಜಾಯಿಪತ್ರೆ, ಏಲಕ್ಕಿಗೆ ಶೀತಲ ಕೋಣೆಯಿದೆ. ಅಲ್ಲಿಂದ ತೆಗೆದ ಚೀಲವನ್ನು ಸೀದಾ ಹೊರಗೆ ತಂದರೆ ಮೈಯೆಲ್ಲ ನೀರಾಗಿ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಪ್ಲಾಸ್ಟಿಕ್ ಸುತ್ತಿ ಪಕ್ಕದ ಕೋಣೆಯಲ್ಲಿ ಇಡುತ್ತೇವೆ, ಚಳಿ ಬಿಡುವ ತನಕ. ಆ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಅದನ್ನು ನಾವು ಕಾಯುವ ಕೋಣೆ ಅನ್ನುತ್ತೇವೆ.

ವಿಷು ಕಳೆದ ಮರುವಾರ ಆ ಕೋಣೆಯಲ್ಲಿ ಸೈದಾಲಿಕ್ಕ ಸತ್ತರು. ಚೀಲ ಹೊರುವವರು, ಅರವತ್ತಕ್ಕೆ ಹತ್ತಿರ. ನಾನು ಅವರನ್ನು ಇಕ್ಕ ಅನ್ನುತ್ತಿದ್ದೆ, ಅಣ್ಣ ಅಂದ ಹಾಗೆ; ಅವರು ನನ್ನನ್ನು ಮೋನೇ ಅನ್ನುತ್ತಿದ್ದರು, ಮಗನೇ ಅಂದ ಹಾಗೆ. ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಒಬ್ಬರೇ ಒಳಗಿದ್ದರು. ವಾಪಸು ಬಂದು ನೋಡಿದರೆ ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ್ದರು.

ನಾನು ಹೇಳಬೇಕೆಂದಿದ್ದದ್ದು ಇನ್ನೂ ಇದೆ. ಮಳೆಗಾಲ ಶುರುವಾದ ಮೇಲೆ, ಬೆಳಿಗ್ಗೆ ಬಾಗಿಲು ತೆರೆದಾಗ, ಅವರು ಮಲಗಿದ್ದ ಜಾಗ ಒದ್ದೆಯಾಗಿರುತ್ತದೆ. ಸುತ್ತ ನೆಲವೆಲ್ಲ ಒಣಗಿರುತ್ತದೆ, ಅಲ್ಲಿ ಮಾತ್ರ ನೀರು. ಉದ್ದಕ್ಕೂ ಅಗಲಕ್ಕೂ ಮಲಗಿದ ಒಬ್ಬ ಮನುಷ್ಯನಷ್ಟೇ. ಮೇಲಿಂದ ಸೋರಿಲ್ಲ, ತಗಡನ್ನು ನಾನೇ ಹತ್ತಿ ನೋಡಿದೆ. ಒರೆಸುತ್ತೇನೆ. ಮರುದಿನ ಮತ್ತೆ ಇರುತ್ತದೆ. ಉಳಿದವರು ಅದನ್ನು ಸುತ್ತಿ ಬಳಸಿ ನಡೆಯುತ್ತಾರೆ. ಕಸ ಗುಡಿಸುವ ಪ್ರೇಮ ಚೇಚಿ ಕೋಣೆಯೊಳಗೆ ಬರುವುದನ್ನೇ ಬಿಟ್ಟಳು. ನನಗೂ ಭಯ, ಅಕ್ಕ. ಇಪ್ಪತ್ತು ವರ್ಷದವನು ಭಯ ಅಂತ ಬರೆಯುವುದು ನಾಚಿಕೆಯೇ, ಆದರೆ ಇದೆ.

ಅವರ ಮಗಳು ರೈಹಾನ ಗೇಟಿನ ಹತ್ತಿರ ಬಂದು ನಿಲ್ಲುತ್ತಾಳೆ. ಸಾವಿನ ವರದಿಯಲ್ಲಿ ಬೋಪಯ್ಯನವರು ಬರೆದುಕೊಟ್ಟದ್ದು ಹೀಗೆ: ಕೆಲಸದ ವೇಳೆಯಲ್ಲಿ ಮಲಗಲು ಒಳಗೆ ಹೋಗಿದ್ದಾಗ ಹೃದಯ ನಿಂತಿತು. ಅವಳು ಕೇಳುವುದು ಒಂದೇ. ‘ವಾಪ್ಪ ನಲವತ್ತು ವರ್ಷ ಚೀಲ ಹೊತ್ತರು. ಕಳ್ಳನಿದ್ದೆ ಮಾಡಲು ಹೋದರು ಅಂತ ಕಾಗದದಲ್ಲಿ ಇರಬೇಕಾ?’ ಸೆಪ್ಟೆಂಬರಿನಲ್ಲಿ ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆಯಂತೆ. ನನ್ನನ್ನೂ ಕರೆಯುತ್ತಾರೆ.

ನೀನು ಹವಾಮಾನ ಕಚೇರಿಯವಳು. ಆ ನೀರು ಎಲ್ಲಿಂದ ಬರುತ್ತದೆ ಹೇಳು.

ಯುವಿ


ತಿರುವನಂತಪುರ
14 ಜುಲೈ 2025

ಪ್ರೀತಿಯ ಯುವರಾಜ,

ಬೈಗುಳವನ್ನು ಮುಂದಕ್ಕೆ ಇಟ್ಟುಕೊಂಡಿದ್ದೇನೆ, ನೇರ ಸಿಕ್ಕಾಗ ಕೊಡುತ್ತೇನೆ. ಅಪ್ಪನಿಗೆ ನಾನು ಹೇಳುವುದಿಲ್ಲ, ಅದು ನಿನ್ನ ಕೆಲಸ.

ಮೊದಲು ನೀರಿನ ವಿಷಯ. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟವನ್ನು ಮೇಜಿನ ಮೇಲಿಡು. ಹೊರಮೈ ಬೆವರುತ್ತದೆ. ಲೋಟ ಸೋರಿದ್ದಲ್ಲ, ಗಾಳಿಯಲ್ಲಿದ್ದ ಆವಿ ತಣ್ಣನೆಯ ಮೈ ಸಿಕ್ಕಿದ್ದಕ್ಕೆ ನೀರಾಗಿ ಕೂತದ್ದು. ಎಷ್ಟು ತಣ್ಣಗಿದ್ದರೆ ಹೀಗಾಗುತ್ತದೆ? ಪ್ರತಿ ಹೊತ್ತಿನ ಗಾಳಿಗೂ ಅದಕ್ಕೊಂದು ಗೆರೆಯಿದೆ. ಅದೇ ಡ್ಯೂ ಪಾಯಿಂಟ್, ಇಬ್ಬನಿ ಬಿಂದು. ಅದಕ್ಕಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ: ಚೀಲ, ಕನ್ನಡಕ, ನೆಲ. ನಿಮ್ಮ ಚೀಲದ ಕಥೆಯೂ ಇದೇ.

ಆ ಜಾಗದ ಕೆಳಗೆ ಏನೋ ತಣ್ಣಗಿನದು ಇರಬೇಕು. ನಿಮ್ಮಲ್ಲಿ ತೇವ ಅಳೆಯುವ ಕೈಮೀಟರ್ ಇರಲೇಬೇಕು. ಬೆಳಿಗ್ಗೆ ಒರೆಸುವ ಮೊದಲು ನೆಲದ ಉಷ್ಣತೆ ನೋಡು, ಗಾಳಿಯ ಡ್ಯೂ ಪಾಯಿಂಟ್ ನೋಡು. ನೆಲ ಕೆಳಗಿದ್ದರೆ ಅಲ್ಲಿಗೆ ಮುಗಿಯಿತು. ಹೆದರಬೇಡ.

ರೈಹಾನಳ ತಂದೆ ಸತ್ತದ್ದು ಯಾವ ದಿನ? ವಿಷು ಕಳೆದ ಮರುವಾರ ಎಂದರೆ ಮಂಗಳವಾರವೇ?

ಊಟ ಸರಿಯಾಗಿ ಮಾಡು.

ಶ್ರೀವಿದ್ಯಾ


ಮಟ್ಟಾಂಚೇರಿ
21 ಜುಲೈ 2025

ಅಕ್ಕ,

ನೀನು ಹೇಳಿದ ಹಾಗೇ ಇದೆ. ನೆಲ ಇಪ್ಪತ್ತೈದು, ಗಾಳಿಯ ಡ್ಯೂ ಪಾಯಿಂಟ್ ಇಪ್ಪತ್ತಾರು. ಮೆಕ್ಯಾನಿಕ್ ವಿಶ್ವಾಸ್‌ನನ್ನು ಕೇಳಿದೆ. ಶೀತಲ ಕೋಣೆಯ ಪೈಪು ಅಲ್ಲೇ ಕೆಳಗೆ ಹಾದುಹೋಗುತ್ತದಂತೆ, ಮೇಲೆ ಒಂದು ಹಳೆಯ ಕಲ್ಲುಚಪ್ಪಡಿ. ಚಪ್ಪಡಿಯ ಅಳತೆಯೇ ಮನುಷ್ಯನ ಅಳತೆ. ಮೊದಲು ಕಾಣದಿದ್ದದ್ದು ಏಕೆಂದರೆ ಅದರ ಮೇಲೆ ಯಾವಾಗಲೂ ಚೀಲ ಜೋಡಿಸುವ ಮರದ ಹಲಗೆ ಇರುತ್ತಿತ್ತು. ಸೈದಾಲಿಕ್ಕ ಸತ್ತ ಮೇಲೆ ಯಾರೂ ಹಲಗೆಯನ್ನು ಅಲ್ಲಿಗೆ ವಾಪಸು ಎಳೆಯಲಿಲ್ಲ.

ಕಾರಣ ಗೊತ್ತಾದರೆ ಭಯ ಹೋಗುತ್ತದೆ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಮೀಟರ್ ಹಿಡಿದು ಕೂತಿದ್ದಾಗ ನೀರು ಕೂರುವುದನ್ನೇ ನೋಡಿದೆ. ಮೊದಲು ಕಲ್ಲಿನ ಬಣ್ಣ ಕಪ್ಪಗಾಯಿತು. ಆಮೇಲೆ ಸಾಸಿವೆಯಷ್ಟು ಹನಿಗಳು, ಒಂದಕ್ಕೊಂದು ಸೇರಿದವು. ಯಾರೋ ಒಳಗಿನಿಂದ ಮೇಲಕ್ಕೆ ಬರುತ್ತಿರುವ ಹಾಗಿತ್ತು. ಕಾರಣ ಗೊತ್ತಿದ್ದೇ ಎದ್ದು ಹೊರಗೆ ಓಡಿದೆ.

ಹಲಗೆ ಎಂದಾಗ ನೆನಪಾಯಿತು. ಅವರು ಸಿಕ್ಕಾಗ ಹಲಗೆ ಪಕ್ಕಕ್ಕೆ ತಳ್ಳಿತ್ತು. ಶರ್ಟು ಬಿಚ್ಚಿ ಎಸೆದಿದ್ದರು. ಬನಿಯನ್ ಹಿಂಡಿದರೆ ನೀರು ಬರುತ್ತಿತ್ತು. ಬೋಪಯ್ಯನವರು ಅದನ್ನೇ ಹಿಡಿದಿದ್ದಾರೆ: ‘ಅಷ್ಟು ಬೆವರಿದ್ದ ಅಂದ್ರೆ ಮೈ ತಣ್ಣಗಾಗ್ತಿತ್ತು ಅಂತ ತಾನೇ? ಸೆಕೆಗೆ ಸತ್ತ ಅನ್ನೋದು ಹೇಗೋ? ಹೃದಯವೇ.’ ಇದು ನಿಜವೇ, ಅಕ್ಕ?

ಇನ್ನೊಂದು. ಮೀಟರಿನಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಕೆಳಗಿನ ಅಂಕಿ ಬದಲಾಗುತ್ತದೆ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರ. ಒಮ್ಮೆ ಡ್ಯೂ ಪಾಯಿಂಟ್, ಒಮ್ಮೆ ವೆಟ್ ಬಲ್ಬ್. ಇಷ್ಟು ದಿನ ಆ ಗುಂಡಿಯನ್ನು ನಾನು ಮುಟ್ಟಿರಲಿಲ್ಲ. ಯಾರೂ ಮುಟ್ಟುವುದಿಲ್ಲ. ಇಲ್ಲಿ ಮೀಟರ್ ಇರುವುದು ಚೀಲಕ್ಕಾಗಿ, ಆದ್ದರಿಂದ ಅದು ಯಾವಾಗಲೂ ಡ್ಯೂ ಪಾಯಿಂಟಿನಲ್ಲೇ ನಿಂತಿರುತ್ತದೆ. ಆದರೆ ಮನುಷ್ಯರಿಗೂ ಒಂದು ನಿಯಮ ಬಂದಿತ್ತು, ಮಾರ್ಚಿನಲ್ಲಿ: ವೆಟ್ ಬಲ್ಬ್ ಮೂವತ್ತು ದಾಟಿದರೆ ಕೆಲಸ ನಿಲ್ಲಿಸಿ. ಬೋಪಯ್ಯನವರು ನನಗೆ ಹೇಳಿದ್ದು ಅರ್ಧ: ‘ಮೀಟರ್ ನೋಡ್ಕೋ ಯುವಿ, ಮೂವತ್ತು ದಾಟಿದ್ರೆ ಎಲ್ರನ್ನೂ ಆಚೆ ಕಳ್ಸು.’

ಸೈದಾಲಿಕ್ಕ ಸತ್ತ ದಿನ ಮೀಟರಿನ ಮೇಲಿನ ಅಂಕಿ, ಗಾಳಿಯ ಉಷ್ಣತೆ, ಮೂವತ್ತಾರು ಇತ್ತು. ಕೆಳಗೆ ಇಪ್ಪತ್ತೆಂಟೂವರೆ.

ಅದು ಯಾವ ಅಂಕಿ, ಅಕ್ಕ? ಇವೆರಡಕ್ಕೂ ವ್ಯತ್ಯಾಸ ಎಷ್ಟು? ಬೇಗ ಬರೆ. ಹೌದು, ಮಂಗಳವಾರವೇ. ನಿನಗೆ ಹೇಗೆ ಗೊತ್ತಾಯಿತು?

ಯುವಿ


ಮಟ್ಟಾಂಚೇರಿ
12 ಆಗಸ್ಟ್ 2025

ಅಕ್ಕ,

ಮೂರು ವಾರವಾಯಿತು. ಕಾಕ್ಕನಾಡಿನ ವಿಷಯಕ್ಕೆ ಸಿಟ್ಟಾಗಿದ್ದರೆ ಸಿಟ್ಟಾಗಿರು, ಆದರೆ ಕೇಳಿದ್ದಕ್ಕೆ ಉತ್ತರ ಕೊಡು. ಫೋನ್ ಮಾಡಿದರೂ ಎತ್ತುತ್ತಿಲ್ಲ. ನೀನು ಪುಣೆಗೆ ತರಬೇತಿಗೆ ಹೋಗಿದ್ದಾಗ ಅಮ್ಮನಿಗೆ ಜ್ವರ ಬಂದದ್ದನ್ನು ನಾನು ಮುಚ್ಚಿಟ್ಟೆನೆಂದು ಒಂದು ತಿಂಗಳು ಮಾತು ಬಿಟ್ಟಿದ್ದೆಯಲ್ಲ, ಅದೇ ಹಟವೇ ಇದು?

ರೈಹಾನ ನಿನ್ನೆ ಒಳಗೇ ಬಂದಳು. ಬೋಪಯ್ಯನವರು ಇರಲಿಲ್ಲ. ಆ ಜಾಗ ತೋರಿಸು ಎಂದಳು, ತೋರಿಸಿದೆ. ಬೆಳಿಗ್ಗೆ ನಾನು ಒರೆಸಿರಲಿಲ್ಲ. ಅವಳು ಕೂತು ಅಂಗೈ ಊರಿದಳು. ‘ತಣ್ಣಗಿದೆ’ ಎಂದಳು. ಅಷ್ಟೇ. ಎದ್ದು ಕೈಯನ್ನು ದುಪಟ್ಟಾಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಹೋದಳು.

ಈಗ ನನಗೆ ಆ ಒದ್ದೆ ಕೋಣೆಯ ಹೊರಗೂ ಕಾಣುತ್ತದೆ. ಫೋರ್ಟ್ ಕೊಚ್ಚಿಯ ದೋಣಿಕಟ್ಟೆಯಲ್ಲಿ ನಿಂತಾಗ ಕಾಲಡಿಯ ಸಿಮೆಂಟು ಕಪ್ಪಗಾದರೆ ಪಕ್ಕಕ್ಕೆ ಸರಿಯುತ್ತೇನೆ.

ಬರೆ.

ಯುವಿ


ತಿರುವನಂತಪುರ
18 ಆಗಸ್ಟ್ 2025

ಯುವರಾಜ,

ಕಚೇರಿಯಲ್ಲಿ ಕೆಲಸ ಹೆಚ್ಚಿತ್ತು. ಕೇಳಿದ್ದಕ್ಕೆ ಉತ್ತರ ಕೆಳಗಿದೆ.

ಡ್ಯೂ ಪಾಯಿಂಟ್ ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಹೇಳುತ್ತದೆ. ವೆಟ್ ಬಲ್ಬ್ ಬೇರೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಕಟ್ಟಿ ಗಾಳಿಗೆ ಹಿಡಿದರೆ, ಬಟ್ಟೆಯ ನೀರು ಆರುತ್ತಾ ಅದನ್ನು ತಣ್ಣಗಾಗಿಸುತ್ತದೆ. ಆರಿ ಆರಿ ಎಲ್ಲಿಯವರೆಗೆ ಇಳಿಯಬಲ್ಲದೋ ಅದು ವೆಟ್ ಬಲ್ಬ್. ಗಾಳಿ ಒಣಗಿದ್ದರೆ ಬಹಳ ಇಳಿಯುತ್ತದೆ, ತೇವವಿದ್ದರೆ ಸ್ವಲ್ಪವೇ. ಯಾವಾಗಲೂ ಅದು ಡ್ಯೂ ಪಾಯಿಂಟಿಗಿಂತ ಮೇಲೆ, ಸಾಮಾನ್ಯ ಉಷ್ಣತೆಗಿಂತ ಕೆಳಗೆ ಇರುತ್ತದೆ. ಗಾಳಿ ಪೂರ್ತಿ ನೀರುಂಡು ತುಂಬಿದಾಗ ಮಾತ್ರ ಮೂರೂ ಒಂದೇ ಆಗುತ್ತವೆ.

ನಮ್ಮ ಮೈಯೇ ಆ ಒದ್ದೆ ಬಟ್ಟೆ. ಬೆವರು ಬಂದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಬೇಕು. ಬನಿಯನ್ ಹಿಂಡುವಷ್ಟು ಒದ್ದೆಯಿತ್ತು ಎಂದರೆ ಅದು ಆರುತ್ತಿರಲಿಲ್ಲ ಎಂದೇ ಅರ್ಥ. ನಿಮ್ಮ ಮ್ಯಾನೇಜರ್ ಹೇಳಿದ್ದು ತಲೆಕೆಳಗು.

ಮೇಲೆ ಮೂವತ್ತಾರು, ಡ್ಯೂ ಪಾಯಿಂಟ್ ಇಪ್ಪತ್ತೆಂಟೂವರೆ ಇದ್ದರೆ ವೆಟ್ ಬಲ್ಬ್ ಮೂವತ್ತನ್ನು ದಾಟಿರುತ್ತದೆ. ಸ್ವಲ್ಪವೇ, ಆದರೆ ದಾಟಿರುತ್ತದೆ. ಚೀಲ ಹೊರುವ ವಯಸ್ಸಾದ ಮನುಷ್ಯನಿಗೆ ಅದು ಸಾಕು. ಸಾವಿನ ಕಾರಣವನ್ನು ನಾನು ಹೇಳಲಾರೆ, ನಾನು ವೈದ್ಯೆಯಲ್ಲ.

ಇನ್ನೂ ಒಂದನ್ನು ನೋಡಿದೆ. ಆ ಮಧ್ಯಾಹ್ನ ಕೊಚ್ಚಿಯಲ್ಲಿ ಹೊರಗಿನ ಗಾಳಿಯ ಡ್ಯೂ ಪಾಯಿಂಟ್ ಇಪ್ಪತ್ತಾರರ ಹತ್ತಿರ ಇತ್ತು. ಒಳಗೆ ಹೆಚ್ಚಾಗಿದ್ದ ತೇವ ನೀವು ಹೊರಗಿಡಬೇಕೆಂದಿದ್ದ ತೇವವಲ್ಲ. ಒಳಗಿದ್ದವರ ಬೆವರು, ಉಸಿರು. ಬಾಗಿಲು ತೆರೆದಿದ್ದರೆ ಚೀಲಗಳಿಗೂ ಒಳ್ಳೆಯದೇ ಆಗುತ್ತಿತ್ತು.

ಆತ ಹಲಗೆ ತಳ್ಳಿ, ಶರ್ಟು ಬಿಚ್ಚಿ ಆ ಕಲ್ಲಿನ ಮೇಲೆ ಬಿದ್ದದ್ದೇಕೆ ಎಂದು ಯೋಚಿಸು. ವರ್ಷಗಟ್ಟಲೆ ಆ ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ನೆಲ ಎಲ್ಲಿ ತಣ್ಣಗಿದೆ ಎಂದು ಗೊತ್ತಿರುತ್ತದೆ. ನಿದ್ದೆ ಮಾಡಲು ಬಂದವನು ಗೋಣಿ ಹಾಸಿಕೊಳ್ಳುತ್ತಾನೆ.

ವಿಚಾರಣೆಯಲ್ಲಿ ನೀನು ಕಂಡದ್ದನ್ನು ಹೇಳು. ಹಲಗೆ, ಬಟ್ಟೆ, ಮೀಟರಿನ ಅಂಕಿ. ಅಷ್ಟು ಸಾಕು. ಯಾರಿಗೆ ಫೋನ್ ಮಾಡಿದೆ, ಯಾರು ಏನೆಂದರು ಎಂಬುದೆಲ್ಲ ಅಲ್ಲಿ ಯಾರೂ ಕೇಳುವುದಿಲ್ಲ. ಕೇಳದ್ದನ್ನು ಹೇಳುವ ನಿನ್ನ ಚಾಳಿ ಬೇಡ.

ಶ್ರೀವಿದ್ಯಾ


ಮಟ್ಟಾಂಚೇರಿ
24 ಆಗಸ್ಟ್ 2025

ಅಕ್ಕ,

ನಾನು ಫೋನಿನ ವಿಷಯ ಬರೆದೇ ಇರಲಿಲ್ಲ. ಎರಡು ಸಲ ಬರೆಯಲು ಹೋಗಿ ಬಿಟ್ಟಿದ್ದೆ. ನೀನು ಮರೆತಿರುತ್ತೀಯ, ಮರೆತೇ ಇರಲಿ ಎಂದುಕೊಂಡಿದ್ದೆ. ನಿನಗೆ ಮಂಗಳವಾರ ಹೇಗೆ ಗೊತ್ತಾಯಿತು ಎಂದು ಈಗ ತಿಳಿಯಿತು.

ಬರೆದುಬಿಡುತ್ತೇನೆ, ಇಬ್ಬರೂ ಸುತ್ತಿ ಬಳಸಿ ನಡೆಯುವುದು ಬೇಡ. ಒಳಗೆ ನಾಲ್ವರು ಚೀಲ ಮಗುಚಿ ಜೋಡಿಸುತ್ತಿದ್ದರು, ಸಂಜೆಗೆ ಸರಕು ಬಂದರಿಗೆ ಹೋಗಬೇಕಿತ್ತು. ಎಲ್ಲರೂ ಏದುಸಿರು ಬಿಡುತ್ತಿದ್ದರು. ಮೀಟರ್ ಇಪ್ಪತ್ತೆಂಟೂವರೆ ತೋರಿಸಿತು. ನಿಯಮದ ಹಾಳೆಯಲ್ಲಿದ್ದ ವೆಟ್ ಬಲ್ಬ್ ಅದೇ ಎಂದುಕೊಂಡೆ. ಮೂವತ್ತಾಗಿಲ್ಲ, ಆದರೂ ನನಗೆ ಸರಿಬೀಳಲಿಲ್ಲ. ಹೊರಗೆ ಬಂದು ನಿನಗೆ ಫೋನ್ ಮಾಡಿದೆ.

‘ಅಕ್ಕ, ವೆಟ್ ಬಲ್ಬ್ ಇಪ್ಪತ್ತೆಂಟೂವರೆ ಅಂದ್ರೆ ಜಾಸ್ತಿನಾ?’

‘ಈ ತಿಂಗಳಲ್ಲಿ ಕೇರಳದಲ್ಲಿ ಅದೇನು ದೊಡ್ಡದಲ್ಲ ಕಣೋ. ಯಾಕೆ?’

‘ಸುಮ್ನೆ.’

‘ಏಸಿ ರೂಮಲ್ಲಿ ಕೂತ್ಕೊಂಡು ಇದೆಲ್ಲ ಯಾಕೋ ನಿಂಗೆ?’ ಎಂದು ನಕ್ಕೆ ನೀನು. ನಾನೂ ನಕ್ಕೆ.

ಒಳಗೆ ಹೋಗಿ ಹೇಳಿದೆ: ‘ದೊಡ್ಡದೇನಲ್ಲ ಅಂತೆ ಇಕ್ಕ. ನಮ್ಮಕ್ಕ ಹವಾಮಾನ ಕಚೇರೀಲಿದ್ದಾಳೆ, ಕೇಳ್ದೆ.’ ಉಳಿದ ಮೂವರು ಕೇಳಿಸಿಕೊಳ್ಳದೆ ಚಹಾಕ್ಕೆ ಹೊರಟರು. ಸೈದಾಲಿಕ್ಕ ಮಾತ್ರ ಕೇಳಿಸಿಕೊಂಡರು. ‘ಹಾಗಾದ್ರೆ ಈ ಸಾಲು ಮುಗಿಸಿ ಬರ್ತೀನಿ ಮೋನೇ, ನಿಂಗಳ್ ನಡೀರಿ’ ಎಂದರು. ಬಾಗಿಲು ಮುಚ್ಚಿದ್ದು ನಾನು. ಚೀಲಕ್ಕೆ ತೇವ ತಾಗಬಾರದಲ್ಲ.

ಕಲ್ಲಿನ ಮೇಲಿನ ನೀರಿಗೆ ನೀನು ಕಾರಣ ಕೊಟ್ಟೆ. ಆ ಮಾತಿಗೆ ಯಾರು ಕೊಡುತ್ತಾರೆ? ದಿನಾ ಬಾಗಿಲು ಎಳೆಯುವಾಗ ‘ಈ ಸಾಲು ಮುಗಿಸಿ ಬರ್ತೀನಿ’ ಕೇಳಿಸುತ್ತದೆ. ಕಿವಿಗಲ್ಲ, ಬೆನ್ನಿಗೆ ಕೇಳಿಸುತ್ತದೆ.

ನಿನ್ನ ತಪ್ಪು ಎಂದು ನಾನು ಹೇಳುತ್ತಿಲ್ಲ. ನಾನು ಕೇಳಿದ ಅಂಕಿಗೆ ನೀನು ಸರಿಯಾದ ಉತ್ತರವನ್ನೇ ಕೊಟ್ಟೆ. ಅಂಕಿಯೇ ಬೇರೆಯದಿತ್ತು. ನಾನು ಗೋದಾಮಿನಲ್ಲಿದ್ದೇನೆ, ಒಳಗೆ ಮನುಷ್ಯರು ಚೀಲ ಹೊರುತ್ತಿದ್ದಾರೆ ಎಂದಿದ್ದರೆ ನೀನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ನಾನು ಸುಮ್ನೆ ಎಂದೆ. ಕಾಕ್ಕನಾಡಿನ ಸುಳ್ಳು ಹೊರಬೀಳುತ್ತದೆ ಎಂದು.

ಆದರೆ ವಿಚಾರಣೆಯಲ್ಲಿ ಅರ್ಧ ಹೇಳು ಎಂದು ಕೇಳಬೇಡ. ಬೋಪಯ್ಯನವರು ನನಗೆ ಹೇಳಿದ್ದೂ ಅರ್ಧವೇ. ಅಂಕಿ ಓದಿದವನು ನಾನು ಎಂದ ಮೇಲೆ, ಓದಿ ಏನು ಮಾಡಿದೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಕೇಳದಿದ್ದರೂ ಹೇಳುತ್ತೇನೆ. ಅವರು ಒಳಗೆ ಉಳಿದದ್ದು ಮಲಗಲಿಕ್ಕಲ್ಲ, ಅಪಾಯವಿಲ್ಲ ಎಂದು ನಾನು ಹೇಳಿದ್ದಕ್ಕೆ. ಅದಿಲ್ಲದೆ ರೈಹಾನ ಕೇಳಿದ್ದಕ್ಕೆ ಉತ್ತರವಿಲ್ಲ. ನಿನ್ನ ಹೆಸರು ಬರುತ್ತದೆ. ಮೊದಲೇ ತಿಳಿಸುತ್ತಿದ್ದೇನೆ.

ಯುವಿ


ತಿರುವನಂತಪುರ
6 ಸೆಪ್ಟೆಂಬರ್ 2025

ಯುವಿ,

ನಿನ್ನೆ ಓಣಂ. ಅಮ್ಮ ಪಕ್ಕದ ಮನೆಯ ಐಶ್ವರ್ಯಳ ಜೊತೆ ಸೇರಿ ಹೂವಿನ ರಂಗೋಲಿ ಹಾಕಿದಳು. ನಿನ್ನ ಎಲೆಯನ್ನೂ ಹಾಕಿಸಿ, ಬರಲಿಲ್ಲವೆಂದು ಮಡಿಸಿಟ್ಟಳು. ಅಪ್ಪ ‘ಅವನ ಕಂಪನೀಲಿ ರಜಾ ಕೊಡಲ್ಲ ಕಣೇ’ ಎಂದರು. ನಾನು ಪಾಯಸ ಬಡಿಸಿಕೊಂಡೆ.

ಕೆಲಸ ಹೆಚ್ಚಿತ್ತು ಎಂದು ಬರೆದದ್ದು ಸುಳ್ಳು. ನಿನ್ನ ಮೊದಲ ಕಾಗದದಲ್ಲಿ ವಿಷು ಕಳೆದ ಮರುವಾರ ಎಂದು ಓದಿದ ಕೂಡಲೇ ನನಗೆ ಆ ಫೋನು ನೆನಪಾಯಿತು. ಬೇರೆ ದಿನವಾಗಿರಲಿ ಎಂದು ಮಂಗಳವಾರವೇ ಎಂದು ಕೇಳಿದೆ. ನೀನು ಹೌದೆಂದೆ. ಆಮೇಲೆ ಮೂವತ್ತಾರು, ಇಪ್ಪತ್ತೆಂಟೂವರೆ ಎಂದು ಬರೆದೆ. ಲೆಕ್ಕ ಹಾಕಲು ನನಗೆ ಒಂದು ನಿಮಿಷ ಬೇಡ. ಬರೆಯಲು ಒಂದು ತಿಂಗಳು ಹಿಡಿಯಿತು.

ನಮ್ಮ ಕಚೇರಿಯ ಅಂಗಳದಲ್ಲಿ ಬಿಳಿ ಪೆಟ್ಟಿಗೆಯೊಂದಿದೆ, ಕಿಟಕಿಯ ಹಾಗೆ ಪಟ್ಟಿಗಳಿರುವುದು. ಒಳಗೆ ಎರಡು ಥರ್ಮಾಮೀಟರ್, ಒಂದು ಒಣಗಿದ್ದು, ಒಂದು ಒದ್ದೆ ಬಟ್ಟೆ ಕಟ್ಟಿದ್ದು. ಹೊಸದಾಗಿ ಸೇರಿದವರಿಗೆ ನಾನೇ ಕಲಿಸುತ್ತೇನೆ. ಯಾರಾದರೂ ಬರೀ ಅಂಕಿ ಹೇಳಿದರೆ ‘ಯಾವುದರದ್ದು?’ ಎಂದು ಕೇಳುವುದು ನನ್ನ ಅಭ್ಯಾಸ. ನನ್ನ ಬೆನ್ನ ಹಿಂದೆ ಅವರು ನನ್ನನ್ನು ‘ಯಾವುದರದ್ದು ಮೇಡಂ’ ಅನ್ನುತ್ತಾರೆ. ಆ ದಿನ ನಿನ್ನನ್ನು ಕೇಳಲಿಲ್ಲ. ನೀನು ವೆಟ್ ಬಲ್ಬ್ ಎಂದೆ, ನಂಬಿದೆ. ನಂಬಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಓದು ಬಿಟ್ಟ ತಮ್ಮ ಏನೋ ಕೇಳುತ್ತಿದ್ದಾನೆ, ಅದಕ್ಕೆ ಅಷ್ಟು ಸಾಕು ಎಂದುಕೊಂಡೆ. ಇದನ್ನು ಬರೆಯುವುದೇ ಕಷ್ಟವಾಗಿತ್ತು.

ಈಗ ಆ ಪೆಟ್ಟಿಗೆ ತೆರೆಯುವಾಗ ಕೈ ತಡೆಯುತ್ತದೆ. ಒದ್ದೆ ಬಟ್ಟೆಯ ಒಳಗೆ ಯಾರದೋ ಮೈ ಇದ್ದ ಹಾಗನ್ನಿಸುತ್ತದೆ. ಅಂಕಿ ಓದುತ್ತೇನೆ, ಇನ್ನೊಮ್ಮೆ ಓದುತ್ತೇನೆ. ಜೊತೆಯ ನಿರ್ಮಲ ‘ಏನು ಚೇಚಿ, ಕನ್ನಡಕ ಬದಲಿಸಬೇಕಾ?’ ಎಂದು ಕೇಳಿದಳು. ನೋಡಿದೆಯಾ, ಭಯ ನಿನಗೊಬ್ಬನಿಗೇ ಅಲ್ಲ. ಆ ಮನುಷ್ಯನ ಮುಖವನ್ನು ನಾನು ನೋಡಿಲ್ಲ. ಅದಕ್ಕೇ ಯಾವ ಮುಖ ಬೇಕಾದರೂ ಬರುತ್ತದೆ.

ನನ್ನ ಹೆಸರು ಹೇಳು. ಹುದ್ದೆಯನ್ನೂ ಹೇಳು. ಕರೆದರೆ ಬರುತ್ತೇನೆ. ವೆಟ್ ಬಲ್ಬ್, ಡ್ಯೂ ಪಾಯಿಂಟ್ ವ್ಯತ್ಯಾಸವನ್ನು ಮಲಯಾಳದಲ್ಲಿ ಒಂದು ಹಾಳೆಯಲ್ಲಿ ಬರೆದು, ಆ ಫೋನಿನ ಮಾತನ್ನೂ ಸೇರಿಸಿ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ವಿಚಾರಣೆಯವರಿಗೆ ಕೊಡು. ಹೋದ ಕಾಗದದಲ್ಲಿ ನಿನ್ನ ಬಾಯಿ ಮುಚ್ಚಿಸಲು ನೋಡಿದೆನಲ್ಲ, ಅದಕ್ಕೆ ಕ್ಷಮೆ ಕೇಳಿದರೆ ನೀನು ನಗುತ್ತೀಯ. ಆದರೂ ಕೇಳುತ್ತೇನೆ.

ಅಕ್ಕ


ಮಟ್ಟಾಂಚೇರಿ
18 ಸೆಪ್ಟೆಂಬರ್ 2025

ಅಕ್ಕ,

ನಿನ್ನೆ ವಿಚಾರಣೆ ಮುಗಿಯಿತು. ಕಾಕ್ಕನಾಡಿನಲ್ಲೇ, ನಾನು ತಟ್ಟೆ ಎತ್ತುತ್ತಿದ್ದ ಕಟ್ಟಡದ ಬಸ್ ಸ್ಟಾಪಿನಲ್ಲೇ ಇಳಿಯಬೇಕಾಯಿತು. ನಡೆಸಿದ ಅಧಿಕಾರಿ ಒಬ್ಬ ಹೆಂಗಸು, ನಮ್ಮಮ್ಮನ ವಯಸ್ಸು. ಪುಟ್ಟ ಕೋಣೆ, ಫ್ಯಾನು ಕಟಕಟ ಅನ್ನುತ್ತಿತ್ತು. ಬೋಪಯ್ಯನವರು, ಕಂಪನಿಯ ವಕೀಲ ಶ್ರೀಕಂಠ, ರೈಹಾನ, ಅವಳ ಉಮ್ಮ, ನಾನು.

ವಕೀಲರು ಮೊದಲೇ ಹಿಡಿದರು. ‘ಮೀಟರ್ ಇಪ್ಪತ್ತೆಂಟೂವರೆ ಇತ್ತು ಅಂತ ಈತನೇ ಹೇಳ್ತಾನೆ. ಮೂವತ್ತರ ಕೆಳಗೇ ಇತ್ತಲ್ಲ. ನಿಯಮ ಎಲ್ಲಿ ಮುರೀತು?’ ನಾನು ಮೀಟರನ್ನು ತಂದಿದ್ದೆ. ಗುಂಡಿ ಒತ್ತಿ ತೋರಿಸಿದೆ. ಅದೇ ಕೋಣೆ, ಅದೇ ಗಾಳಿ, ಕೆಳಗಿನ ಅಂಕಿ ಬದಲಾಯಿತು. ಆ ಅಧಿಕಾರಿ ತಾವೇ ಕೈಗೆ ತೆಗೆದುಕೊಂಡು ಕನ್ನಡಕ ಹಣೆಗೇರಿಸಿ ಮೂಲೆಯ ಅಕ್ಷರ ಓದಿದರು. ನಾಲ್ಕು ಸಲ ಒತ್ತಿರಬೇಕು. ‘ಇದನ್ನು ಯಾವಾಗಲೂ ಯಾವುದರಲ್ಲಿ ಇಡ್ತೀರಿ?’ ಎಂದು ಬೋಪಯ್ಯನವರನ್ನು ಕೇಳಿದರು.

‘ಡ್ಯೂ ಪಾಯಿಂಟ್, ಮೇಡಂ.’

‘ಯಾಕೆ?’

‘ಚೀಲಕ್ಕೆ ಅದೇ ಬೇಕು.’

ಹಲಗೆ, ಶರ್ಟು, ಬನಿಯನ್ ಎಲ್ಲ ಹೇಳಿದೆ. ಆಮೇಲೆ ಫೋನು. ಯಾರೂ ಕೇಳಿರಲಿಲ್ಲ. ನಿನ್ನ ಹೆಸರನ್ನೂ ಹುದ್ದೆಯನ್ನೂ ಹೇಳಿದೆ, ನೀನು ಬರೆದ ಹಾಳೆ ಕೊಟ್ಟೆ. ‘ನೀವು ಎಲ್ಲಿಂದ ಕೇಳ್ತಿದ್ದೀರಿ ಅಂತ ನಿಮ್ಮ ಅಕ್ಕನಿಗೆ ಗೊತ್ತಿತ್ತಾ?’ ಎಂದರು. ಇಲ್ಲ ಎಂದೆ. ಯಾಕೆ ಹೇಳಲಿಲ್ಲ ಎಂದರು. ಓದು ಬಿಟ್ಟು ಗೋದಾಮಿಗೆ ಸೇರಿದ್ದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೆ ಎಂದೆ. ಅವರು ಅದನ್ನೂ ಬರೆದುಕೊಂಡರು.

ಸೈದಾಲಿಕ್ಕನಿಗೆ ನಾನು ಹೇಳಿದ ಮಾತು, ಅವರು ಹೇಳಿದ ಮಾತು ಹೇಳಿದಾಗ ಅವರ ಹೆಂಡತಿ ಸದ್ದಿಲ್ಲದೆ ಮುಖ ಮುಚ್ಚಿಕೊಂಡರು. ರೈಹಾನ ನನ್ನನ್ನೇ ನೋಡುತ್ತಿದ್ದಳು.

ವಕೀಲರು ಇನ್ನೇನೋ ಕೇಳಲು ಎದ್ದರು. ಅಷ್ಟರಲ್ಲಿ ಬೋಪಯ್ಯನವರು ಅವರ ತೋಳು ಹಿಡಿದು ಕೂರಿಸಿ ತಾವು ಎದ್ದರು. ‘ಮಲಗಕ್ಕೆ ಹೋಗಿದ್ದ ಅಂತ ಬರ್ದಿದ್ದೀನಲ್ಲ, ಅದನ್ನ ತೆಗೀರಿ ಮೇಡಂ. ನಾನು ನೋಡಿರ್ಲಿಲ್ಲ. ನೆಲದ ಮೇಲೆ ಬಿದ್ದಿದ್ದ, ನಿದ್ದೆ ಅಂದ್ಕೊಂಡೆ. ಹೊರಡ್ತಿರೋ ಸರಕಿನ ಚಿಂತೇಲಿ ಅದನ್ನೇ ಬರ್ದೆ.’ ಅವರಿಗೆ ಮಲಯಾಳ ಚೆನ್ನಾಗಿ ಬರುತ್ತದೆ, ಆದರೆ ಇದನ್ನು ಕನ್ನಡದಲ್ಲಿ ಹೇಳಿದರು. ನಾನೇ ಅನುವಾದ ಮಾಡಿ ಹೇಳಬೇಕಾಯಿತು. ಆ ಸಾಲು ತೆಗೆದರು. ಕೆಲಸದಲ್ಲಿದ್ದಾಗ, ಮುಚ್ಚಿದ ಕೋಣೆಯ ಸೆಕೆಯಲ್ಲಿ ಎಂದು ಹೊಸದಾಗಿ ಬರೆದರು. ಉಳಿದದ್ದಕ್ಕೆ ಆದೇಶ ಆಮೇಲೆ ಬರುತ್ತದಂತೆ. ನಿನ್ನನ್ನು ಕರೆಯುವ ಅಗತ್ಯ ಕಾಣುವುದಿಲ್ಲ ಎಂದರು, ಬೇಕಾದರೆ ತಿಳಿಸುತ್ತಾರೆ.

ರೈಹಾನ ತಿದ್ದಿ ಬರೆದ ಆ ಹಾಳೆಯನ್ನು ಉಮ್ಮನಿಗೆ ಎರಡು ಸಲ ಓದಿ ಹೇಳಿದಳು. ಹೊರಗೆ ಮೆಟ್ಟಿಲ ಹತ್ತಿರ ನನ್ನ ಮುಂದೆ ನಿಂತಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ‘ವಾಪ್ಪ ನಿನ್ನ ಮಾತು ನಂಬಿದ್ರು’ ಎಂದಳು. ‘ಹೂಂ’ ಎಂದೆ. ‘ಇಲ್ಲಿ ಅದನ್ನ ಹೇಳ್ಬೇಕಾಗಿರ್ಲಿಲ್ಲ ನೀನು. ಹೇಳ್ದೆ.’ ಉಮ್ಮನ ಕೈ ಹಿಡಿದು ಬಸ್ಸಿನ ಕಡೆ ಹೋದಳು. ಅದು ಕ್ಷಮೆಯೋ ಅಲ್ಲವೋ ನನಗೆ ಗೊತ್ತಿಲ್ಲ. ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುವುದೂ ಬೇಡ.

ಇವತ್ತು ಬೋಪಯ್ಯನವರು ಕರೆದು, ಮೇಲಿನವರು ನಿನ್ನನ್ನು ಬೇಡ ಅಂದಿದ್ದಾರೆ ಎಂದರು. ‘ನನ್ನನ್ನೂ ಎಷ್ಟು ದಿನ ಇಟ್ಕೋತಾರೋ ಗೊತ್ತಿಲ್ಲ’ ಎಂದು ಸೇರಿಸಿದರು. ಗೋದಾಮಿನಲ್ಲಿ ಈಗ ಎರಡು ಮೀಟರ್‌ಗಳಿವೆ. ಎರಡನೆಯದನ್ನು ವೆಟ್ ಬಲ್ಬಿನಲ್ಲಿ ನಿಲ್ಲಿಸಿ, ಗುಂಡಿಯ ಮೇಲೆ ಅವರೇ ಅಂಟುಪಟ್ಟಿ ಸುತ್ತಿದ್ದಾರೆ, ಯಾರೂ ಬದಲಿಸದ ಹಾಗೆ.

ಅಪ್ಪನಿಗೆ ಇನ್ನೂ ಏನೂ ಹೇಳಬೇಡ. ಎದುರು ಕೂತು ನಾನೇ ಹೇಳುತ್ತೇನೆ, ಗೋದಾಮಿನಿಂದ ಶುರುಮಾಡಿ ಪೂರ್ತಿ. ಬಟ್ಟೆ ಕಟ್ಟಿಯಾಯಿತು, ರೂಮಿನ ಬೀಗದಕೈ ವಿಶ್ವಾಸ್‌ಗೆ ಕೊಟ್ಟಾಯಿತು. ಈ ಕಾಗದ ನನಗಿಂತ ತಡವಾಗಿ ಬಂದರೂ ಬರಬಹುದು. ನಾಳೆ ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೊರಡುತ್ತಿದ್ದೇನೆ.

ಯುವಿ